ಎದುರು ಎಂದರೆ ಯಾವ ಕಡೆ?

ನಾವು ಏಳನೆಯ ತರಗತಿಯಲ್ಲಿದ್ದಾಗ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಊರಿನ ನಕ್ಷೆಯಿತ್ತು. ನಡುವೆ ಒಂದು ಚೌಕ, ಅದರ ಒಂದು ಮೂಲೆಯಲ್ಲಿ ಚರ್ಚು, ಇನ್ನೊಂದರಲ್ಲಿ ಬ್ಯಾಂಕು, ಅಲ್ಲಿಂದ ಹೊರಟ ನಾಲ್ಕಾರು ಬೀದಿಗಳಲ್ಲಿ ಅಂಚೆ ಕಚೇರಿ, ಗ್ರಂಥಾಲಯ, ಬೇಕರಿ, ಉದ್ಯಾನ. ಕೆಳಗೆ ಪ್ರಶ್ನೆಗಳು: ಅಂಚೆ ಕಚೇರಿ ಎಲ್ಲಿದೆ? ಗ್ರಂಥಾಲಯಕ್ಕೆ ಹೋಗುವುದು ಹೇಗೆ? ಉತ್ತರಗಳನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಗೋ ಸ್ಟ್ರೇಟ್, ಟರ್ನ್ ಲೆಫ್ಟ್, ಟೇಕ್ ದ ಸೆಕೆಂಡ್ ಟರ್ನಿಂಗ್ ಆನ್ ದ ರೈಟ್, ಇಟ್ ಈಸ್ ಆಪೋಸಿಟ್ ದ ಬ್ಯಾಂಕ್. ನಮ್ಮ ಊರಿನಲ್ಲಿ ಆಗ ಎರಡನೆಯ ತಿರುವೇ ಇರಲಿಲ್ಲ. ಇದ್ದುದು ಒಂದು ಡಾಂಬರು ರಸ್ತೆ, ಅದರಿಂದ ಗದ್ದೆಯ ಅಂಚಿಗೆ ಇಳಿಯುವ ಕಾಲುದಾರಿಗಳು. ಬ್ಯಾಂಕಿನ ಎದುರಿಗಿದ್ದುದೂ ಗದ್ದೆಯೇ. ಆದರೂ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವು.

ಮೂವತ್ತು ವರ್ಷಗಳ ಅನಂತರ, ಮುಂಬಯಿಯ ಉಪನಗರವೊಂದರಲ್ಲಿ, ನಮ್ಮ ಮಗಳ ಪುಸ್ತಕದಲ್ಲಿಯೂ ಅಂಥದೇ ಒಂದು ನಕ್ಷೆ ಕಂಡಿತು. ಚರ್ಚಿನ ಜಾಗದಲ್ಲಿ ಮಾಲ್ ಬಂದಿತ್ತು, ಮಿಕ್ಕದ್ದು ಹಾಗೆಯೇ ಇತ್ತು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ದಿನವಿಡೀ ಇಂಗ್ಲಿಷ್ ಕಡತಗಳ ನಡುವೆಯೇ ಬದುಕುವ ನಾವು, ಅವಳನ್ನು ಎದುರು ಕೂರಿಸಿಕೊಂಡು ಪಟ್ಟಿಯನ್ನು ಒಪ್ಪಿಸಿಕೊಂಡೆವು. ಇದರಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆಯೆಂದು ಆಗ ಹೊಳೆದಿರಲಿಲ್ಲ. ದಿಕ್ಕು ಹೇಳುವ ಇಂಗ್ಲಿಷ್ ಪದಗಳು ಭಾಷೆಯ ಅಂಗಳದಲ್ಲಿಯೇ ಸಿಗುವ ಪದಗಳು, ಅವನ್ನು ದಾಟಿ ಹೋದರೆ ಸಾಹಿತ್ಯ ಎಂಬ ಭಾವನೆ ನಮ್ಮದು. ಆ ಭಾವನೆ ಕಳೆದ ವರ್ಷದ ಒಂದು ಸಂಜೆ ಮುರಿಯಿತು. ಆ ಸಂಜೆಯ ತಪ್ಪು ಯಾರದೂ ಅಲ್ಲ, ನಮ್ಮದೇ. ಅದನ್ನು ಹೇಳಿಕೊಂಡ ಮೇಲೆಯೇ ನಮ್ಮ ಅಭಿಪ್ರಾಯವನ್ನು ಮುಂದಿಡುವುದು ಸರಿಯೆನಿಸುತ್ತದೆ.

ನಮ್ಮ ತಂದೆಯವರು ಕುಂದಾಪುರದ ಕಡೆಯವರು. ವರ್ಷಕ್ಕೆ ನಾಲ್ಕು ತಿಂಗಳು ನಮ್ಮೊಡನಿರುತ್ತಾರೆ. ಮುಂಬಯಿ ಅವರನ್ನು ಎಂದೂ ಗೊಂದಲಕ್ಕೆ ಕೆಡವಿಲ್ಲ. ಇಲ್ಲಿಯೂ ಪಡು ಬದಿಗೇ ಕಡಲು ಎಂಬುದು ಅವರ ಸಮಾಧಾನ. ಪ್ರತಿ ಸಂಜೆ ಹೆದ್ದಾರಿಯ ಬದಿಯ ಸರ್ವಿಸ್ ರಸ್ತೆಯಲ್ಲಿ ಒಂದು ಮೈಲಿ ನಡೆದು, ಅಲ್ಲಿರುವ ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತು, ಕತ್ತಲಾಗುವ ಮುಂಚೆ ಹಿಂದಿರುಗುತ್ತಾರೆ. ಅಂದು ಕಚೇರಿಯಿಂದ ಹೊರಡುತ್ತಿದ್ದಾಗ ಅವರ ಫೋನು ಬಂತು.

“ದೇವಸ್ಥಾನದ್ ಎದ್ರ್ ಕೂಕಂಡಿದ್ದೆ ಮಗಾ. ಮೂಡ್ ಬದಿ. ಎದಿ ಒತ್ತಿದಂಗ್ ಆತ್ತ್.”

ಅಷ್ಟೇ ಮಾತು. ನಾವು ಕೂಡಲೇ ಆಂಬುಲೆನ್ಸಿಗೆ ಫೋನು ಮಾಡಿದೆವು. ಆ ಕಡೆಯವರು ಜಾಗ ಕೇಳಿದರು. ಹೆದ್ದಾರಿಯ ಹೆಸರು ಹೇಳಿ, ದೇವಸ್ಥಾನದ ಹೆಸರು ಹೇಳಿ, ಆಪೋಸಿಟ್ ದ ಟೆಂಪಲ್ ಎಂದೆವು. ಯಾವ ಸೈಡ್ ಎಂದು ಅವರು ಮತ್ತೆ ಕೇಳಿದರು. ಆಪೋಸಿಟ್ ಸೈಡ್ ಎಂದು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿದೆವು.

ಆಂಬುಲೆನ್ಸು ಬೇಗನೆ ಬಂತು. ನಾವು ಹೇಳಿದ ಜಾಗಕ್ಕೇ ಬಂತು, ಎಂದರೆ ದೇವಸ್ಥಾನಕ್ಕೆ ಅಭಿಮುಖವಾದ, ರಸ್ತೆಯ ಆಚೆಯ ಮಗ್ಗುಲಿಗೆ. ತಂದೆಯವರು ಕುಳಿತಿದ್ದುದು ದೇವಸ್ಥಾನದ ಮುಂದಿನ ಮೆಟ್ಟಿಲಲ್ಲಿ, ಈಚೆಯ ಮಗ್ಗುಲಲ್ಲಿ. ನಡುವೆ ಎಂಟು ಸಾಲು ವಾಹನಗಳು, ಆಳೆತ್ತರದ ಡಿವೈಡರು. ಇಲ್ಲಿ ಯಾರೂ ಇಲ್ಲ ಎಂದು ಚಾಲಕರು ನಮಗೆ ಫೋನು ಮಾಡಿದರು. ಇದ್ದಾರೆ, ಸರಿಯಾಗಿ ನೋಡಿ ಎಂದು ನಾವು ಟ್ಯಾಕ್ಸಿಯೊಳಗಿಂದ ಕೂಗಿದೆವು. ಕೊನೆಗೆ ಆ ಚಾಲಕರು ಮುಂಬಯಿಯ ಯಾವ ಚಾಲಕನಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಈಸ್ಟ್ ಮೇ ಯಾ ವೆಸ್ಟ್ ಮೇ?” ನಮಗೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ತಂದೆಯವರು ತಮ್ಮ ಎರಡನೆಯ ಮಾತಿನಲ್ಲಿಯೇ ಹೇಳಿ ಮುಗಿಸಿದ್ದರು. ಮೂಡ್ ಬದಿ. ಅದು ನಮ್ಮ ಕಿವಿಗೆ ಬಿದ್ದಿತ್ತು, ಆದರೆ ತಿಳಿವಿಗೆ ಇಳಿದಿರಲಿಲ್ಲ. ಊರಿನವರ ಮಾತಿನ ಧಾಟಿಯಾಗಿ ಅದನ್ನು ಕೇಳಿಸಿಕೊಂಡು, ಅನುವಾದಿಸಲು ಯೋಗ್ಯವಾದದ್ದು ‘ಎದುರು’ ಒಂದೇ ಎಂದು ಆರಿಸಿಕೊಂಡು, ಅದನ್ನೂ ತಪ್ಪಾಗಿ ಅನುವಾದಿಸಿದ್ದೆವು.

ಆಂಬುಲೆನ್ಸು ಮುಂದಿನ ಫ್ಲೈಓವರಿನ ಕೆಳಗೆ ತಿರುಗಿ, ಸಂಜೆಯ ದಟ್ಟಣೆಯನ್ನು ಸೀಳಿಕೊಂಡು ಈಚೆ ಬರಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ತಂದೆಯವರು ಬದುಕಿದರು. ಈಗ ಅವರ ನಡಿಗೆ ಕಟ್ಟಡದ ಅಂಗಳವನ್ನು ದಾಟುವುದಿಲ್ಲ. ಆ ಇಪ್ಪತ್ತು ನಿಮಿಷ ಉಳಿದಿದ್ದರೆ ಏನಾಗುತ್ತಿತ್ತು ಎಂದು ವೈದ್ಯರನ್ನು ಕೇಳುವ ಧೈರ್ಯ ನಮಗೆ ಇಂದಿಗೂ ಬಂದಿಲ್ಲ.

ಇನ್ನು ಪದಗಳ ವಿಚಾರ. ಕನ್ನಡದ ‘ಎದುರು’ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. ಒಂದು ವಸ್ತುವಿನ ಮುಂಭಾಗದಲ್ಲಿ, ಅದೇ ಮಗ್ಗುಲಲ್ಲಿ ಇದ್ದರೆ ಇನ್ ಫ್ರಂಟ್ ಆಫ್. ನಡುವೆ ಬೀದಿಯೋ ಹೊಳೆಯೋ ಮೇಜೋ ಇದ್ದು, ಅದರ ಆಚೆಗೆ ಮುಖಾಮುಖಿಯಾಗಿ ಇದ್ದರೆ ಆಪೋಸಿಟ್. ಕನ್ನಡದಲ್ಲಿ ದೇವರ ಎದುರು ದೀಪವಿಡುವುದೂ ‘ಎದುರು’, ಎದುರುಮನೆಯವರು ಎನ್ನುವಾಗಲೂ ‘ಎದುರು’. ಹಿಂದಿಯ ‘ಸಾಮ್ನೇ’, ಮರಾಠಿಯ ‘ಸಮೋರ್’ ಕೂಡ ಹೀಗೆಯೇ ಎರಡನ್ನೂ ಹೊರುತ್ತವೆ. ನಮ್ಮ ಊರುಗಳಲ್ಲಿ ಇದರಿಂದ ತೊಂದರೆಯಾದದ್ದಿಲ್ಲ. ಬೀದಿ ಕಿರಿದಾಗಿತ್ತು, ಎದುರು ಬಂದು ಕಾಣದಿದ್ದರೆ ನಾಲ್ಕು ಹೆಜ್ಜೆ ದಾಟಿದರೆ ಸಾಕಿತ್ತು. ಎಂಟು ಸಾಲಿನ ಹೆದ್ದಾರಿಗೆ ಈ ಪದ ಸಾಲದು. ಮುಂಬಯಿಯಲ್ಲಿ ಮರಾಠಿ, ಹಿಂದಿ, ಗುಜರಾತಿ ಮಾತಾಡುವವರೆಲ್ಲ ನಡುನಡುವೆ ‘ಅಪೋಜಿಟ್ ಸೈಡ್’ ಎನ್ನುವುದು ಬರಿಯ ಇಂಗ್ಲಿಷ್ ಮೋಹವಲ್ಲ. ಹೊಸ ಬಗೆಯ ರಸ್ತೆಗೆ ಹೊಸ ಪದವೊಂದು ಬೇಕಾಗಿತ್ತು, ಇಂಗ್ಲಿಷಿನಲ್ಲಿ ಅದು ಸಿದ್ಧವಾಗಿ ಸಿಕ್ಕಿತು. ಆ ಉಪಕಾರವನ್ನು ನಾವು ಒಪ್ಪಬೇಕು.

ಇಂಥ ಜಾಗಗಳು ಇನ್ನೂ ಇವೆ. ಕನ್ನಡದ ಸಪ್ತಮಿ ವಿಭಕ್ತಿ ಒಂದೇ: ಮನೆಯಲ್ಲಿ, ನಿಲ್ದಾಣದಲ್ಲಿ, ರಸ್ತೆಯಲ್ಲಿ. ಇಂಗ್ಲಿಷಿಗೆ ಹೋದರೆ ಮನೆಗೆ ಇನ್, ನಿಲ್ದಾಣಕ್ಕೆ ಅಟ್, ರಸ್ತೆಗೆ ಆನ್. ಒಳಗೆ ಹೋದದ್ದೋ, ಒಂದು ಬಿಂದುವಿನಲ್ಲಿ ನಿಂತದ್ದೋ, ಮೇಲ್ಮೈಯನ್ನು ಮುಟ್ಟಿದ್ದೋ ಎಂಬುದನ್ನು ಇಂಗ್ಲಿಷ್ ಕೇಳುತ್ತದೆ, ಕನ್ನಡ ಕೇಳುವುದಿಲ್ಲ. ‘ಹಿಂಬದಿ’ ಎಂಬ ಸಹಜ ಕನ್ನಡ ಪದವನ್ನು ಅಕ್ಷರಶಃ ಹೊತ್ತೊಯ್ದು ‘ಬ್ಯಾಕ್‌ಸೈಡ್’ ಎಂದರೆ ಇಂಗ್ಲಿಷರ ಕಿವಿಗೆ ಅದು ಮನುಷ್ಯನ ಪೃಷ್ಠಭಾಗ. ಕಚೇರಿಯ ಬ್ಯಾಕ್‌ಸೈಡಿನಲ್ಲಿ ಗೋದಾಮಿದೆ ಎಂದು ಬರೆದ ಗುಮಾಸ್ತರೊಬ್ಬರ ಟಿಪ್ಪಣಿ ನೋಡಿ ಒಮ್ಮೆ ಇಡೀ ವಿಭಾಗ ನಕ್ಕಿತ್ತು. ಎಂ.ಎ. ಪದವಿಯ ಬಲದಿಂದ ನಾವೂ ನಕ್ಕಿದ್ದೆವು. ಆ ಟಿಪ್ಪಣಿ ಓದಿದವರಲ್ಲಿ ಒಬ್ಬರೂ ಗೋದಾಮು ಹುಡುಕಲು ತಪ್ಪು ಜಾಗಕ್ಕೆ ಹೋಗಲಿಲ್ಲ ಎಂಬುದು ಮಾತ್ರ ನಮಗೆ ಆಗ ಹೊಳೆಯಲಿಲ್ಲ. ಅವರ ವ್ಯಾಕರಣ ಕೆಟ್ಟಿತ್ತು, ಜಾಗ ಸರಿಯಿತ್ತು. ಹೆದ್ದಾರಿಯ ಆ ಸಂಜೆ ನಮ್ಮ ವ್ಯಾಕರಣ ಸರಿಯಿತ್ತು.

ಕನ್ನಡ ಒಡೆದು ನೋಡುವ ಕಡೆ ಇಂಗ್ಲಿಷ್ ಒಟ್ಟಾಗಿ ನೋಡುವುದೂ ಉಂಟು. ಆಚೆ–ಈಚೆ, ಅತ್ತ–ಇತ್ತ ಎಂಬ ಜೋಡಿಗಳನ್ನೇ ನೋಡಿ. ಹೊಳೆಯಾಚೆ ಎನ್ನಲು ಇಂಗ್ಲಿಷಿನಲ್ಲಿ ಬಿಯಾಂಡ್ ಇದೆ, ಅಕ್ರಾಸ್ ಇದೆ. ಹೊಳೆಯೀಚೆ ಎನ್ನಲು ಇಂದಿನ ಬಳಕೆಯಲ್ಲಿ ಒಂದು ಪದವಿಲ್ಲ. ಆನ್ ದಿಸ್ ಸೈಡ್ ಆಫ್ ಎಂದು ನಾಲ್ಕು ಪದ ಜೋಡಿಸಬೇಕು. ಮಾತಾಡುವವನು ಯಾವ ದಡದಲ್ಲಿ ನಿಂತಿದ್ದಾನೆ ಎಂಬುದನ್ನು ಕನ್ನಡ ಒಂದೇ ಸ್ವರದಲ್ಲಿ, ‘ಈ’ ಎಂಬ ಒಂದಕ್ಷರದಲ್ಲಿ ಹೇಳಿಬಿಡುತ್ತದೆ. ಪಕ್ಕ, ಬದಿ, ಮಗ್ಗುಲು, ಅಂಚು, ಓರೆ, ಕಡೆ, ಉತ್ತರ ಕರ್ನಾಟಕದವರ ಬಾಜೂ ಇವುಗಳ ನಡುವಿನ ಸೂಕ್ಷ್ಮಗಳನ್ನು ‘ನೆಕ್ಸ್ಟ್ ಟು’ ಎಂಬ ಒಂದು ತಕ್ಕಡಿಯಲ್ಲಿ ತೂಗಲಾಗದು.

ಆದರೆ ಹೆದ್ದಾರಿಯ ಆ ಸಂಜೆ ನಮ್ಮನ್ನು ಕೈಬಿಟ್ಟದ್ದು ‘ಎದುರು’ ಒಂದೇ ಅಲ್ಲ. ‘ಎದುರು’ ಎಡವಿದರೂ ‘ಮೂಡು’ ಹಿಡಿದು ನಿಲ್ಲಿಸಬೇಕಾಗಿತ್ತು. ಹೆಚ್ಚು ವಿಚಾರ ಮಾಡಬೇಕಾದದ್ದು ಈ ಎರಡನೆಯದನ್ನೇ ಎಂದು ನಮ್ಮ ಅನಿಸಿಕೆ.

ಶಾಲೆಯ ಆ ಪಟ್ಟಿಯಲ್ಲಿರುವ ಲೆಫ್ಟ್, ರೈಟ್, ಬಿಹೈಂಡ್ ಮುಂತಾದವು ಬಹುಮಟ್ಟಿಗೆ ಶರೀರವನ್ನು ಆಧರಿಸಿದ ಪದಗಳು. ಮನುಷ್ಯ ತಿರುಗಿದರೆ ಅವನ ಎಡಬಲಗಳೂ ತಿರುಗುತ್ತವೆ. ಎದುರುಬದುರು ನಿಂತ ಇಬ್ಬರಿಗೆ ಎಡವೆಂಬುದು ಒಂದೇ ಅಲ್ಲ. ಇದರ ಅಪಾಯ ಮೊದಲು ತಿಳಿದದ್ದು ನಾವಿಕರಿಗೆ. ಹಡಗಿನಲ್ಲಿ ಒಬ್ಬ ಮೂತಿಯ ಕಡೆಗೆ, ಇನ್ನೊಬ್ಬ ಬಾಲದ ಕಡೆಗೆ ಮುಖ ಮಾಡಿ ನಿಂತಿರುವಾಗ ಎಡಕ್ಕೆ ತಿರುಗಿಸು ಎಂದರೆ ಯಾರ ಎಡ? ಅದಕ್ಕೆಂದೇ ಹಡಗಿನ ಬಲಮಗ್ಗುಲಿಗೆ ಸ್ಟಾರ್‌ಬೋರ್ಡ್ ಎಂಬ ಹೆಸರು ಉಳಿದುಬಂತು. ಹಳೆಯ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಇರುತ್ತಿದ್ದುದು ಆ ಮಗ್ಗುಲಲ್ಲಿ. ಎಡಮಗ್ಗುಲಿಗೆ ಲಾರ್‌ಬೋರ್ಡ್ ಎನ್ನುತ್ತಿದ್ದರು. ಎರಡೂ ಹೆಸರು ಗಾಳಿಯ ಮೊರೆತದಲ್ಲಿ ಒಂದೇ ರೀತಿ ಕೇಳುತ್ತವೆಂದು 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡನ್ನು ಕೈಬಿಟ್ಟು ಪೋರ್ಟ್ ಎನ್ನಬೇಕೆಂದು ಆಜ್ಞೆ ಹೊರಡಿಸಿತು. ಹೇಳುವವನಿಗೂ ಕೇಳುವವನಿಗೂ ಸಮಾನವಾದ ಒಂದು ಆಧಾರ ಬೇಕು ಎಂಬ ಅರಿವೇ ಇದರ ಹಿಂದಿರುವುದು.

ನಮ್ಮ ಜಮೀನಿನ ದಸ್ತಾವೇಜುಗಳಲ್ಲಿಯೂ ಅದೇ ಅರಿವಿದೆ. ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಸರಕಾರಿ ರಸ್ತೆ, ಉತ್ತರಕ್ಕೆ ತೋಡು, ದಕ್ಷಿಣಕ್ಕೆ ಇಂಥವರ ತೋಟ ಎಂದು ಬರೆಯುತ್ತಾರೆಯೇ ಹೊರತು ಎಡಕ್ಕೆ, ಬಲಕ್ಕೆ ಎಂದು ಬರೆಯುವುದಿಲ್ಲ. ಐವತ್ತು ವರ್ಷಗಳ ಮೇಲೆ ಆ ಕಾಗದವನ್ನು ಕೈಯಲ್ಲಿ ಹಿಡಿಯುವವರು ಯಾವ ಕಡೆಗೆ ಮುಖ ಮಾಡಿರುತ್ತಾರೋ ಬರೆದವರಿಗೆ ತಿಳಿಯದು. ಸೂರ್ಯ ಹುಟ್ಟುವ ಕಡೆ ಮಾತ್ರ ಅಂದಿಗೂ ಅದೇ.

ಕರಾವಳಿಯವರಿಗೆ ಈ ಲೆಕ್ಕ ದಸ್ತಾವೇಜಿನದಷ್ಟೇ ಅಲ್ಲ, ದಿನಬಳಕೆಯದು. ಮೂಡಬಿದಿರೆ, ಪಡುಬಿದ್ರಿ, ತೆಂಕನಿಡಿಯೂರು, ಬಡಾನಿಡಿಯೂರು ಎಂದು ಊರುಗಳೇ ದಿಕ್ಕಿನಿಂದ ಬೇರೆಯಾಗಿವೆ. ಯಕ್ಷಗಾನದ ತಿಟ್ಟುಗಳೂ ತೆಂಕು, ಬಡಗು. ಒಂದು ಕಡೆ ಸದಾ ಕಡಲು, ಇನ್ನೊಂದು ಕಡೆ ಸದಾ ಘಟ್ಟ ಇರುವ ನಾಡಿನಲ್ಲಿ ದಿಕ್ಕು ತಪ್ಪುವುದು ಕಷ್ಟ. ಚೆನ್ನೈಯಲ್ಲಿರುವ ನಮ್ಮ ಗೆಳೆಯರು ಇಲ್ಲಿ ಒಂದು ಸ್ವಾರಸ್ಯವನ್ನು ನೆನಪಿಸುತ್ತಾರೆ. ತಮಿಳಿನ ‘ಕಿಳಕ್ಕು’ ಎಂಬ ಪೂರ್ವವಾಚಿ ಪದದಲ್ಲಿ ‘ಕೆಳಗೆ’ ಎಂಬ ಅರ್ಥವಿದೆ, ‘ಮೇರ್ಕು’ ಎಂಬ ಪಶ್ಚಿಮವಾಚಿ ಪದದಲ್ಲಿ ‘ಮೇಲೆ’ ಎಂಬುದಿದೆ. ಅವರ ನೆಲ ಪಶ್ಚಿಮದ ಘಟ್ಟದಿಂದ ಪೂರ್ವದ ಕಡಲಿಗೆ ಇಳಿಯುತ್ತದೆ. ಕುಂದಾಪುರದವರು ‘ಘಟ್ಟದ ಮೇಲೆ’ ಎಂದರೆ ಅದು ಪೂರ್ವ. ಹೀಗೆ ದಿಕ್ಕಿನ ಪದ ನಾಡಿನ ಇಳಿಜಾರನ್ನೂ ಹೇಳುತ್ತದೆ.

ಇಷ್ಟು ಹೇಳಿದೊಡನೆ, ಇಂಗ್ಲಿಷ್ ಬಂದು ನಮ್ಮ ಮೂಡಣ ಪಡುವಣಗಳನ್ನು ನುಂಗಿತು ಎಂದು ತೀರ್ಮಾನಿಸುವುದು ಸುಲಭ. ನಮ್ಮ ಸಾಹಿತ್ಯ ಬಳಗದ ಸಭೆಗಳಲ್ಲಿ ಇಂಥ ತೀರ್ಮಾನಕ್ಕೆ ಚಪ್ಪಾಳೆಯೂ ಬೀಳುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷಿನ ಬೇರುಗಳಲ್ಲಿಯೂ ಇದೇ ಸೂರ್ಯನಿದ್ದಾನೆ. ಈಸ್ಟ್ ಎಂಬುದು ನಮ್ಮ ಉಷಸ್ಸಿನ ಬಂಧು. ವೆಸ್ಟ್ ಎಂಬುದು ಲ್ಯಾಟಿನ್ನಿನಲ್ಲಿ ಸಂಜೆಯನ್ನು ಹೇಳುವ ‘ವೆಸ್ಪರ್’ ಪದದ ಬಂಧು. ಲ್ಯಾಟಿನ್ನಿನಿಂದಲೇ ಬಂದ ಓರಿಯಂಟ್ ಎಂದರೆ ಮೂಡುವುದು, ಆಕ್ಸಿಡೆಂಟ್ ಎಂದರೆ ಬೀಳುವುದು, ಮುಳುಗುವುದು. ನಮ್ಮ ಮೂಡು ಮತ್ತು ಪಡು ಎಂಬ ಧಾತುಗಳ ಅರ್ಥವೂ ಹೆಚ್ಚುಕಡಿಮೆ ಇದೇ. ಸಂಸ್ಕೃತದಲ್ಲಿ ದಕ್ಷಿಣವೆಂದರೆ ಬಲವೂ ಹೌದು, ತೆಂಕಣವೂ ಹೌದು. ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗೈ ತೋರುವುದು ತೆಂಕಣವನ್ನು. ಇಂಗ್ಲಿಷರು ಡೆಕ್ಕನ್ ಎಂದು ಕರೆದ ನಮ್ಮ ಪ್ರಸ್ಥಭೂಮಿಯ ಹೆಸರಿನಲ್ಲಿ ಆ ಬಲಗೈ ಇನ್ನೂ ಅಡಗಿದೆ. ಕಚೇರಿಗೆ ಹೊಸದಾಗಿ ಸೇರಿದವರಿಗೆ ನಾವು ಪ್ರತಿ ವರ್ಷ ‘ಓರಿಯಂಟೇಶನ್’ ನಡೆಸುತ್ತೇವೆ. ಮೂಲಾರ್ಥದಲ್ಲಿ ಅದು ಮೂಡಣಕ್ಕೆ ಮುಖ ಮಾಡಿಸುವ ಕೆಲಸ. ಆ ಸಭಾಂಗಣದಲ್ಲಿ ಮೂಡಣ ಯಾವ ಕಡೆ ಎಂದು ಕೇಳಿದರೆ ನಡೆಸುವವರಿಗೂ ತಿಳಿಯದು, ಕುಳಿತವರಿಗೂ ತಿಳಿಯದು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಗೂಗು ಯಿಮಿದಿರ್ ಎಂಬ ಭಾಷೆಯಿದೆ. ‘ಕಾಂಗರೂ’ ಎಂಬ ಪದ 1770ರಲ್ಲಿ ಕ್ಯಾಪ್ಟನ್ ಕುಕ್ಕನ ತಂಡದ ಮೂಲಕ ಇಂಗ್ಲಿಷಿಗೆ ಬಂದದ್ದು ಆ ಭಾಷೆಯಿಂದ. ಕೈಯಳತೆಯಲ್ಲಿರುವ ವಸ್ತುವನ್ನು ತೋರಲು ಕೂಡ ಆ ಜನ ಎಡಬಲ ಎನ್ನದೆ ದಿಕ್ಕನ್ನೇ ಹೇಳುತ್ತಾರೆಂದು ಭಾಷಾವಿಜ್ಞಾನಿಗಳು ದಾಖಲಿಸಿದ್ದಾರೆ. ಇಂಥ ಅಧ್ಯಯನಗಳನ್ನು ಓದಿ, ಭಾಷೆ ಹೇಗೋ ಬುದ್ಧಿ ಹಾಗೆ ಎಂದು ಹಲವರು ಹೇಳುವುದುಂಟು. ಅದಕ್ಕೆ ಪೂರಕವಾಗಿ ನಮ್ಮ ನೆರೆಯಲ್ಲಿಯೇ ನಡೆದ ಇನ್ನೊಂದು ಅಧ್ಯಯನವನ್ನೂ ಓದಬೇಕು. ಎರಿಕ್ ಪೆಡರ್ಸನ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ತಮಿಳು ಮಾತಾಡುವವರಲ್ಲಿ ಇದನ್ನು ಪರಿಶೀಲಿಸಿದರು. ಹಳ್ಳಿಯವರು ಹೆಚ್ಚಾಗಿ ದಿಕ್ಕುಗಳಿಂದ ಜಾಗ ಹೇಳುತ್ತಿದ್ದರು, ಪಟ್ಟಣದವರು ಎಡಬಲಗಳಿಂದ. ಭಾಷೆ ಎರಡು ಕಡೆಯೂ ತಮಿಳೇ. ಬೇರೆಯಾಗಿದ್ದುದು ಬದುಕು. ಹಾಗಾದರೆ ತಂದೆಯವರ ಮಾತನ್ನು ನಾವು ಕೇಳದೆ ಹೋದದ್ದಕ್ಕೆ ಇಂಗ್ಲಿಷ್ ಓದಿದ್ದು ಕಾರಣವಲ್ಲ. ಇಪ್ಪತ್ತು ವರ್ಷ ರೈಲಿನಲ್ಲಿ ಓಡಾಡುತ್ತ, ಲಿಫ್ಟಿನಲ್ಲಿ ಏರಿಳಿಯುತ್ತ, ಕೊಳವೆ ದೀಪದ ಕೆಳಗೆ ಕೆಲಸ ಮಾಡುತ್ತ, ಸೂರ್ಯ ಯಾವ ಕಡೆಗಿದ್ದಾನೆಂದು ತಿಳಿಯುವ ಅಗತ್ಯವೇ ನಮಗೆ ಬೀಳಲಿಲ್ಲ.

ಮುಂಬಯಿಯಲ್ಲಿದ್ದು ಹೀಗೆನ್ನುವುದು ವಿಚಿತ್ರವೇ ಸರಿ. ಭಾರತದ ಬೇರಾವ ಮಹಾನಗರದಲ್ಲಿಯೂ ಈಸ್ಟ್, ವೆಸ್ಟ್ ಎಂಬ ಪದಗಳು ಇಷ್ಟು ಸಲ ನಾಲಿಗೆಗೆ ಬರಲಾರವು. ಉಪನಗರ ರೈಲು ಬಡಗುತೆಂಕಾಗಿ ಓಡುವುದರಿಂದ ಒಂದೊಂದು ನಿಲ್ದಾಣಕ್ಕೂ ಎರಡು ಮಗ್ಗುಲು: ಅಂಧೇರಿ ಈಸ್ಟ್, ಅಂಧೇರಿ ವೆಸ್ಟ್. ಪದ ನಾಲಿಗೆಯ ಮೇಲಿದೆ, ದಿಕ್ಕು ಕಣ್ಣಿಗೆ ಕಾಣುವುದಿಲ್ಲ. ವೆಸ್ಟ್ ಯಾವ ಕಡೆ ಎಂದು ಮಗಳನ್ನು ಕೇಳಿದಾಗ, “ಸ್ಟೇಶನ್ ದಾಟಿದ ಮೇಲೆ ಅಪ್ಪಾ” ಎಂದಳು. ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳ ಕಾರಿಡಾರುಗಳಲ್ಲಿ ಸೇವೆ ಸಲ್ಲಿಸಿದವರಿಗೂ ಅವು ಸಚಿವಾಲಯಗಳ ಹೆಸರುಗಳೇ ಹೊರತು ದಿಕ್ಕುಗಳಲ್ಲ. ಇಂಗ್ಲಿಷಿನ ಈ ಪದಗಳು ನಿಜವಾಗಿ ದಿಕ್ಕನ್ನು ಸೂಚಿಸುವುದು ಫ್ಲ್ಯಾಟು ಮಾರುವವರ ಜಾಹೀರಾತಿನಲ್ಲಿ ಮಾತ್ರ ಎನ್ನಬಹುದೇನೋ. ನಮ್ಮ ಮನೆಯೂ ‘ಈಸ್ಟ್ ಫೇಸಿಂಗ್’. ಆ ಎರಡು ಪದಗಳಿಗೆಂದು ನಾವು ಹೆಚ್ಚು ಹಣವನ್ನೂ ತೆತ್ತಿದ್ದೇವೆ. ಬಾಗಿಲಿಗೆ ಮೂಡಣ ಬೇಕೆಂದು ದುಡ್ಡು ಕೊಟ್ಟ ನಮಗೆ, ಬಾಗಿಲಾಚೆಯ ಹೆದ್ದಾರಿಯ ಮೂಡಣ ಯಾವುದೆಂದು ತಿಳಿದಿರಲಿಲ್ಲ.

ಇದಕ್ಕೆಲ್ಲ ಈಗ ಫೋನಿನ ನಕ್ಷೆ ಇದೆಯಲ್ಲ, ಇದ್ದ ಜಾಗವನ್ನೇ ಕಳಿಸಿಬಿಟ್ಟರಾಯಿತಲ್ಲ ಎಂದು ಕೆಲವರು ಕೇಳಬಹುದು. ಒಪ್ಪಬೇಕಾದ ಮಾತೇ. ಆದರೆ ತಂದೆಯವರ ಕೈಯಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ಎದೆ ಹಿಡಿದುಕೊಂಡು ಕುಳಿತವರು ಪರದೆಯ ಮೇಲೆ ಬೆರಳಾಡಿಸುತ್ತಾರೆಂದು ನೆಚ್ಚಿಕೊಳ್ಳುವುದೂ ಆಗದು. ಅದಲ್ಲದೆ, ಆ ನಕ್ಷೆಯ ಧ್ವನಿ ಎಷ್ಟೋ ಸಲ ಮೊದಲ ಸೂಚನೆಯಾಗಿ ಹೇಳುವುದು ‘ಹೆಡ್ ನಾರ್ತ್’ ಎಂದು. ಅದನ್ನು ಕೇಳಿ ನಾವೆಲ್ಲ ನಾಲ್ಕು ಹೆಜ್ಜೆ ಸುಮ್ಮನೆ ನಡೆದು, ನೀಲಿ ಚುಕ್ಕೆ ಯಾವ ಕಡೆ ಜರುಗುತ್ತದೆಂದು ನೋಡಿ, ಆಮೇಲೆ ತಿರುಗುತ್ತೇವೆ.

ಇನ್ನು ಕೆಲವರು, ಲೆಫ್ಟು ರೈಟುಗಳನ್ನು ಬಿಟ್ಟು ಮಕ್ಕಳಿಗೆ ಅಚ್ಚಗನ್ನಡದ ದಿಕ್ಕುಗಳನ್ನು ಮಾತ್ರ ಕಲಿಸೋಣ ಎಂದು ಹೊರಡುತ್ತಾರೆ. ಅದೂ ನಡೆಯದು. ರಿಕ್ಷಾದವರಿಗೆ ಬಡಗಲಿಗೆ ತಿರುಗಿಸಿ ಎಂದರೆ ಅವರು ನಮ್ಮನ್ನು ಇಳಿಸಿ ಹೋಗುತ್ತಾರೆ. ಲೆಫ್ಟ್, ರೈಟ್ ಕನ್ನಡದಲ್ಲಿ ಬೇರೂರಿ ಎಷ್ಟೋ ಕಾಲವಾಯಿತು. ನಮ್ಮ ಬಸ್ ಕಂಡಕ್ಟರರ ಬಾಯಲ್ಲಿ ‘ರೈಟ್’ ಎಂದರೆ ಬಲವೂ ಅಲ್ಲ, ಸರಿಯೂ ಅಲ್ಲ, ‘ಇನ್ನು ಹೊರಡು’ ಎಂದು. ಬೆಂಗಳೂರಿನ ಕ್ರಾಸು, ಮೇನು, ಸರ್ಕಲ್ಲುಗಳನ್ನು ತೆಗೆದುಹಾಕಿದರೆ ಅಲ್ಲಿ ಒಂದು ವಿಳಾಸವನ್ನೂ ಬರೆಯಲಾಗದು. ವಾಹನದೊಳಗೆ ಕುಳಿತವರಿಗೆ ಎಡಬಲದ ಲೆಕ್ಕವೇ ಅನುಕೂಲ, ಅಲ್ಲಿ ಎಲ್ಲರ ಮುಖವೂ ಒಂದೇ ಕಡೆಗಿರುತ್ತದೆ. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಇದ್ದು ಫೋನಿನಲ್ಲಿ ಜಾಗ ಹೇಳುವಾಗ ಎಡಬಲಗಳು ಕೈಕೊಡುತ್ತವೆ. ಅಲ್ಲಿ ದಿಕ್ಕು ಬೇಕು. ಎರಡೂ ಲೆಕ್ಕಗಳು ನಮಗೆ ತಿಳಿದಿರಲಿ, ಯಾವುದು ಎಲ್ಲಿಗೆ ಎಂಬುದೂ ತಿಳಿದಿರಲಿ ಎಂಬುದಷ್ಟೇ ನಮ್ಮ ವಾದ.

ಹೊರನಾಡಿನಲ್ಲಿರುವ ನಮಗೆ ಇದು ಇನ್ನಷ್ಟು ಅಗತ್ಯ. ನಮ್ಮ ಮನೆಗಳಲ್ಲಿ ಹಿರಿಯರು ಒಂದು ಭಾಷೆಯಲ್ಲಿ ಜಾಗ ಹೇಳುತ್ತಾರೆ, ಮಕ್ಕಳು ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತಾರೆ, ಬೀದಿಯವರು ಮೂರನೆಯದರಲ್ಲಿ ಮಾತಾಡುತ್ತಾರೆ. ನಡುವೆ ನಿಂತು ಅನುವಾದಿಸುವವರು ನಾವು. ಕಥೆ ಕವಿತೆಗಳ ಅನುವಾದದಲ್ಲಿ ಒಂದು ಪದ ಬಿಟ್ಟುಹೋದರೆ ವಿಮರ್ಶಕರು ಬೈದಾರು, ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಮನೆಯವರ ಮಾತಿನ ಅನುವಾದಕ್ಕೆ ಎರಡನೆಯ ಮುದ್ರಣ ಇರುವುದಿಲ್ಲ.

ಆದ್ದರಿಂದ ನಾವು ಕೆಲವು ಸಣ್ಣ ಕೆಲಸಗಳನ್ನು ಮಾಡಿಕೊಂಡಿದ್ದೇವೆ, ಓದುಗರ ಮುಂದೆಯೂ ಇಡುತ್ತೇವೆ. ಮಕ್ಕಳಿಗೆ ಇಂಗ್ಲಿಷಿನ ಆ ಪಟ್ಟಿಯನ್ನು ಕಲಿಸುವಾಗ ಪುಸ್ತಕದ ಊರನ್ನು ಬಿಟ್ಟು ನಮ್ಮ ಬೀದಿಯನ್ನೇ ಬಳಸೋಣ. ಹಾಲಿನ ಡೈರಿ, ಔಷಧಿ ಅಂಗಡಿ, ನಾಕಾ, ಬಸ್ ನಿಲ್ದಾಣ ಇವುಗಳಲ್ಲಿ ಯಾವುದು ಯಾವುದರ ಮುಂದಿದೆ, ಯಾವುದು ರಸ್ತೆಯ ಆಚೆಗಿದೆ ಎಂದು ಅವರೇ ಹೇಳಲಿ. ಹಾಗೆ ಹೇಳುವಾಗ ‘ಎದುರು’ ಎಂಬಲ್ಲಿಗೆ ನಿಲ್ಲಿಸದೆ ಈಚೆಯೋ ಆಚೆಯೋ ಎಂದು ಸೇರಿಸುವ ಅಭ್ಯಾಸವಾಗಲಿ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಿಸಿಲು ಬೀಳುವ ಕಡೆಯನ್ನು ತೋರಿಸಿ, ಮೂಡು, ಪಡು, ತೆಂಕು, ಬಡಗು ಎಂಬ ನಾಲ್ಕು ಪದಗಳನ್ನು ಒಂದು ವಾರ ಹೇಳಿಸಿದರೆ ಸಾಕು. ನಮ್ಮ ಬಳಗದ ಆಮಂತ್ರಣ ಪತ್ರಿಕೆಗಳಲ್ಲಿಯೂ ‘ಸ್ಟೇಶನ್ ಹತ್ತಿರ’ ಎಂಬ ಉದಾಸೀನವನ್ನು ಬಿಟ್ಟು, ಯಾವ ಮಗ್ಗುಲು, ರಸ್ತೆಯ ಯಾವ ಬದಿ ಎಂದು ಬರೆಯೋಣ. ಕಳೆದ ದಸರಾ ಕಾರ್ಯಕ್ರಮಕ್ಕೆ ಬರಬೇಕಾಗಿದ್ದ ಹಿರಿಯರೊಬ್ಬರು ನಿಲ್ದಾಣದ ಇನ್ನೊಂದು ಮಗ್ಗುಲಲ್ಲಿ ಅರ್ಧ ಗಂಟೆ ಅಲೆದು ಹಿಂದಿರುಗಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ನಮ್ಮ ಮನೆಯಲ್ಲಿ ಫೋನಿಡುವ ಮೇಜಿನ ಮೇಲಿನ ಗೋಡೆಗೆ ಈಗ ಒಂದು ಚೀಟಿ ಅಂಟಿಸಿದ್ದೇವೆ. ಕಟ್ಟಡದ ಹೆಸರು, ಹೆದ್ದಾರಿಯ ಹೆಸರು, ಅದರ ಕೆಳಗೆ ಮೂರು ಭಾಷೆಗಳಲ್ಲಿ ನಾವು ಯಾವ ಬದಿಗಿದ್ದೇವೆ ಎಂಬುದು. ಬರೆದವಳು ಮಗಳು, ಹೇಳಿ ಬರೆಸಿದವರು ಅಜ್ಜ. ಕನ್ನಡದ ಸಾಲಿನಲ್ಲಿ ಅವಳು ಮೊದಲು ‘ಪೂರ್ವ’ ಎಂದು ಬರೆದಿದ್ದಳು. ಅಜ್ಜ ಅದನ್ನು ಹೊಡೆದುಹಾಕಿಸಲಿಲ್ಲ, ಪಕ್ಕದಲ್ಲಿ ‘ಮೂಡು’ ಎಂದು ಸೇರಿಸಿಸಿದರು.